ಚುಕ್ಕಿಯ ಆರನೇ ತಿಂಗಳು

ಮೊನ್ನೆ ಬೇಗೂರಿನಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಮನೆ ಹುಡುಕಿಕೊಂಡು ಹೋಗುತ್ತಿದ್ದೆ. ಯಾವುದೋ ಹಿತ್ತಿಲಲ್ಲಿ ಒಬ್ಬಾತ ಡ್ರಮ್ಮಿನೊಳಗಿನ ಸುಣ್ಣದ ಕಲ್ಲಿಗೆ ನೀರು ಹೊಯ್ಯುತ್ತಿದ್ದ. ಬುಸ್ಸೆಂದು ಹಬೆ ಎದ್ದಿತು. ಆ ಬಿಸಿ ಸುಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನಿಂತಲ್ಲೇ ನಿಂತುಬಿಟ್ಟೆ.

"ಏನ್ ಮೇಡಂ, ಅಡ್ರೆಸ್ ಬೇಕಿತ್ತಾ?" ಅಂದ ಅವನು.

"ಇಲ್ಲಪ್ಪ, ವಾಸನೆ ಕುಡೀತಾ ಇದ್ದೆ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ನೋಡಲಿ ಬಿಡಿ. ಆ ವಾಸನೆಯೊಳಗೆ ನನ್ನ ಬಾಳಿನ ಒಂದು ಇಡೀ ವರ್ಷ ಕೂತಿದೆ. ನಾನೆಂಥ ದಡ್ಡಿ ಎಂದು ನನಗೆ ಗೊತ್ತಾದ ವರ್ಷ ಅದು. ಹಾಗೇ, ನಮ್ಮ ಬೀದಿ ಗೆದ್ದ ವರ್ಷವೂ ಹೌದು.

ನಾನು ಹುಟ್ಟಿದ್ದು ಚಿಕ್ಕಲಸಂದ್ರದಲ್ಲಿ, ಸೊಸೆಯಾಗಿ ಬಂದದ್ದು ಅರೆಕೆರೆಗೆ. ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಟೀಚರು. ಯಜಮಾನರು ಬ್ಯಾಂಕಿನಲ್ಲಿ. ಅವರ ತಾತನ ಕಾಲದ ರಾಗಿ ಹೊಲವೆಲ್ಲ ಸೈಟಾಗಿ, ಸೈಟೆಲ್ಲ ಮನೆಯಾಗಿ, ನಮಗೆ ಉಳಿದದ್ದು ಮೂರು ಅಂತಸ್ತಿನ ಬಾಡಿಗೆ ಕಟ್ಟಡ ಮತ್ತು ಅದರ ಹಿಂದಿನ ಒಂದು ಕೊಟ್ಟಿಗೆ. ಕಟ್ಟಡ ನಮ್ಮದು, ಕೊಟ್ಟಿಗೆ ಮಾತ್ರ ಅತ್ತೆಯದು. ಅತ್ತೆ ಮುನಿಯಮ್ಮನಿಗೆ ಎಪ್ಪತ್ತು ದಾಟಿತ್ತು. ಬೆಳಗ್ಗೆ ಎದ್ದು ದೇವರ ಮುಖ ನೋಡುವ ಮೊದಲು ಹಸುವಿನ ಮುಖ ನೋಡುವ ಹೆಂಗಸು. ಆಗ ಕೊಟ್ಟಿಗೆಯಲ್ಲಿದ್ದದ್ದು ಎರಡೇ: ಗೌರಿ ಮತ್ತು ಅವಳ ಮಗಳು ಚುಕ್ಕಿ. ಬೀದಿಯಲ್ಲಿ ಇನ್ನೂ ಮೂರು ಮನೆಗಳಲ್ಲಿ ಹಸುಗಳಿದ್ದವು. ಎದುರು ಮನೆಯ ಕೃಷ್ಣಪ್ಪನವರದ್ದೇ ದೊಡ್ಡ ಸಂಸಾರ, ಐದು ರಾಸು.

ಆ ವರ್ಷ ಶಿವರಾತ್ರಿ ಕಳೆದ ವಾರದಲ್ಲಿ ಗೌರಿ ಕಂದು ಹಾಕಿದಳು. ಆರು ತಿಂಗಳ ಗಬ್ಬ. ಹಿಂದಿನ ವರ್ಷವೂ ಸರಿಯಾಗಿ ಆರು ತಿಂಗಳಿಗೇ ಹೋಗಿತ್ತು. ಮೈಯಲ್ಲಿ ಜ್ವರವಿಲ್ಲ, ಮೇವು ಬಿಟ್ಟಿರಲಿಲ್ಲ, ಬಿದ್ದಿರಲಿಲ್ಲ. ಬೆಳಗ್ಗೆ ಹೋಗಿ ನೋಡಿದರೆ ನೆಲದ ಮೇಲೆ ಕೂದಲೂ ಮೂಡದ ಆ ಪುಟ್ಟ ದೇಹ, ಪಕ್ಕದಲ್ಲಿ ಗೌರಿ ಸುಮ್ಮನೆ ಮೆಲುಕು ಹಾಕುತ್ತಾ ನಿಂತಿದ್ದಾಳೆ. ಅತ್ತೆ ಅವಳ ಕೊರಳು ತಬ್ಬಿಕೊಂಡು ಅತ್ತದ್ದನ್ನು ನಾನು ಕಿಟಕಿಯಿಂದ ನೋಡಿದೆ. ಹತ್ತೇ ದಿನದಲ್ಲಿ ಕೃಷ್ಣಪ್ಪನವರ ಮನೆಯಲ್ಲಿ ಒಂದು, ಮೂಲೆಮನೆಯಲ್ಲಿ ಇನ್ನೊಂದು. ಎಲ್ಲಾ ಹೀಗೇ, ಐದು ಆರು ತಿಂಗಳ ಗಬ್ಬ.

ಬೀದಿ ತನಗೆ ತಿಳಿದದ್ದನ್ನೆಲ್ಲ ಮಾಡಿತು. ಕೊಟ್ಟಿಗೆ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಯಾರದೋ ಕಣ್ಣು ಬಿದ್ದಿದೆ ಎಂದರು. ಕೆರೆ ಕಡೆಯಿಂದ ಕೊಯ್ದು ತರುವ ಹಸಿಹುಲ್ಲಿನಲ್ಲಿ ವಿಷವಿದೆ ಎಂದರು. ನಮ್ಮ ಯಜಮಾನರು ಮಾತ್ರ ಕಾಗದ ಪೆನ್ನು ತೆಗೆದುಕೊಂಡು ಕೊಟ್ಟಿಗೆಯ ಜಾಗದಲ್ಲಿ ಎರಡು ಸಿಂಗಲ್ ರೂಮಿನ ಪ್ಲಾನು ಬರೆದರು.

"ಅಮ್ಮಾ, ಚುಕ್ಕಿ ಈಗ ಗಬ್ಬ ಆಗಿದಾಳೆ. ಅವಳದ್ದೂ ಹಿಂಗೇ ಆದ್ರೆ ಎರಡನ್ನೂ ಕೊಟ್ಬಿಡೋಣ. ನಿಂಗೂ ವಯಸ್ಸಾಯ್ತು, ಈ ಸಗಣಿ ಗಂಜಲ ಎಷ್ಟು ದಿನ?"

ಅತ್ತೆ ಜಗಳ ಆಡಲಿಲ್ಲ. ಜಗಳ ಆಡಿದ್ದರೆ ನನಗೆ ನೆಮ್ಮದಿ ಇರುತ್ತಿತ್ತು. "ಆಯ್ತು ಕಣಪ್ಪ," ಅಂದರು, ಸೆರಗಿನಲ್ಲಿ ಕೈ ಒರೆಸಿಕೊಂಡು ಕೊಟ್ಟಿಗೆಗೆ ಹೋದರು. ಆ ದಿನದಿಂದ ಚುಕ್ಕಿಯ ಹೊಟ್ಟೆಯ ಮೇಲೆ ಆ ಮುದುಕಿಯ ಜೀವವೇ ನಿಂತಿತು. ಆಗ ಅದಕ್ಕೆ ಎರಡೇ ತಿಂಗಳು.

ಯುಗಾದಿಗೆ ಮುಂಚೆ ಪಶುವೈದ್ಯೆ ಡಾಕ್ಟರ್ ಸುಮಾ ಬಂದರು. ಮೂವತ್ತೂ ತುಂಬದ ಹುಡುಗಿ. ಗಮ್‌ಬೂಟು ಹಾಕಿಕೊಂಡು ಸ್ಕೂಟಿಯಲ್ಲಿ ಬಂದಿಳಿದಾಗ ಕೃಷ್ಣಪ್ಪ, "ಇವ್ರು ಡಾಕ್ಟ್ರಾ? ನಮ್ ಹಸು ಒಂದ್ಸಲ ಬಾಲ ಬೀಸಿದ್ರೆ ಜೆಪಿ ನಗರದಲ್ಲಿ ಬೀಳ್ತಾರೆ" ಎಂದು ಗೊಣಗಿದರು. ಆಕೆ ಯಾರ ಮಾತಿಗೂ ತಲೆ ಕೆಡಿಸಿಕೊಳ್ಳದೆ ಬೀದಿಯ ಎಲ್ಲಾ ಹಸುಗಳ ರಕ್ತ ತೆಗೆದುಕೊಂಡು ಹೋದರು. ಹಸುಗಳಿಗೆ ಸಾಮಾನ್ಯವಾಗಿ ಬರುವ ಕಂದು ರೋಗ ಇರಬಹುದೆಂದು ಅವರ ಮೊದಲ ಅನುಮಾನ. ರಿಪೋರ್ಟಿನಲ್ಲಿ ಅದು ಇರಲಿಲ್ಲ. ಮತ್ತೊಮ್ಮೆ ಬೇರೆ ಪರೀಕ್ಷೆಗೆ ಕಳಿಸಿದರು. ಎರಡನೇ ರಿಪೋರ್ಟು ಹಿಡಿದುಕೊಂಡು ಬಂದವರು ನಮ್ಮ ಜಗಲಿಯ ಮೇಲೆ ಕೂತು, ಎಲ್ಲರನ್ನೂ ಕರೆಸಿ, ಕೇಳಿದ್ದು ಒಂದೇ ಪ್ರಶ್ನೆ.

"ಹಸು ಕರು ಹಾಕಿದ್ಮೇಲೆ ಬೀಳುತ್ತಲ್ಲ ಮಾಸು, ಅದನ್ನ ಏನ್ ಮಾಡ್ತೀರಾ?"

ನಾನು ತಲೆ ತಗ್ಗಿಸಿ ಜಗಲಿಯ ಅಂಚಿಗೆ ಸರಿದೆ.

ಹೇಳಬೇಕು. ನಮ್ಮ ಬೀದಿಯ ತುದಿಯಲ್ಲಿ ಒಂದು ಆಲದ ಮರ. ಹಸು ಈದಾಗ ಬೀಳುವ ಮಾಸನ್ನು ಒಣಹುಲ್ಲಿನಲ್ಲಿ ಸುತ್ತಿ, ಹಳೇ ಗೋಣಿಚೀಲದಲ್ಲಿ ಬಿಗಿದು, ಆ ಮರದ ಎತ್ತರದ ಕೊಂಬೆಗೆ ತೂಗುಹಾಕುವುದು ಇಲ್ಲಿನ ಹಳೆಯ ಪದ್ಧತಿ. ಆಲ ಹಾಲು ಸುರಿಸುವ ಮರ. ಅದಕ್ಕೆ ಕಟ್ಟಿದರೆ ಹಸುವಿನ ಕೆಚ್ಚಲಲ್ಲೂ ಹಾಲು ಉಕ್ಕುತ್ತದೆ ಎಂಬ ನಂಬಿಕೆ. ಮೂರು ವರ್ಷದ ಹಿಂದೆ ಚುಕ್ಕಿ ಹುಟ್ಟಿದಾಗಲೂ ಅತ್ತೆ ಹಾಗೇ ಕಟ್ಟಿಸಿದ್ದರು. ಅಷ್ಟರಲ್ಲಿ ಮರದ ಪಕ್ಕ ಅಪಾರ್ಟ್‌ಮೆಂಟ್ ಬಂತು. ಅಲ್ಲಿನ ಒಬ್ಬ ಆಂಟಿಯ ಬಾಲ್ಕನಿಗೆ ನೇರವಾಗಿ ನಮ್ಮ ಚೀಲ. ಆಕೆ ನನ್ನನ್ನು ತಡೆದು ನಿಲ್ಲಿಸಿ, "ನೀವು ಸೈನ್ಸ್ ಟೀಚರ್ ಅಲ್ವಾ? ನಿಮ್ಮನೇಲೂ ಹೀಗಾ?" ಎಂದು ಕೇಳಿಬಿಟ್ಟರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮರುವರ್ಷ ಗೌರಿ ಗಂಡುಕರು ಹಾಕಿದಾಗ ನಾನು ಅತ್ತೆಯ ಕೈಯಿಂದ ಚೀಲ ಕಿತ್ತುಕೊಂಡು, "ಅತ್ತೆ, ಇದೆಲ್ಲಾ ಮೂಢನಂಬಿಕೆ, ನಾಚಿಕೆ ಆಗುತ್ತೆ" ಎಂದು ಭಾಷಣ ಮಾಡಿ, ಹೋಗಿ ಹಿಂದಿನ ಖಾಲಿ ಸೈಟಿಗೆ ಬಿಸಾಕಿ ಬಂದೆ. ಟೀಚರಮ್ಮನೇ ಹೀಗೆ ಮಾಡಿದರೆಂದು ಉಳಿದ ಮನೆಯವರೂ ಅದನ್ನೇ ಹಿಡಿದರು. ಬೀದಿಯ ನಾಯಿಗಳಾದ ಕೆಂಚ ಮತ್ತು ರಾಣಿಗೆ ಅಂದಿನಿಂದ ಹಬ್ಬ.

ಡಾಕ್ಟರ್ ಸುಮಾ ವಿವರಿಸುತ್ತಾ ಹೋದರು. "ಕಣ್ಣಿಗೆ ಕಾಣದ ಒಂದು ಪರಾವಲಂಬಿ ಜೀವಿ ಇದು. ರೋಗ ಇರೋ ಹಸುವಿನ ಮಾಸಲ್ಲಿ, ಸತ್ತು ಬಿದ್ದ ಕಂದಲ್ಲಿ ಇರುತ್ತೆ. ಅದನ್ನ ನಾಯಿ ತಿನ್ನುತ್ತೆ. ನಾಯಿ ಹೊಟ್ಟೇಲಿ ಅದು ಬೆಳೆದು, ಕಕ್ಕಸ್ಸಲ್ಲಿ ಮೊಟ್ಟೆ ಥರ ಹೊರಗೆ ಬರುತ್ತೆ. ನಾಯಿ ಬೆಚ್ಚಗಿರುತ್ತೆ ಅಂತ ನಿಮ್ ಹುಲ್ಲಿನ ಮೇಲೇ ಮಲಗುತ್ತೆ, ಅಲ್ಲೇ ಗಲೀಜು ಮಾಡುತ್ತೆ. ಆ ಹುಲ್ಲು ಹಸು ಹೊಟ್ಟೆಗೆ. ಗಬ್ಬದ ಹಸು ಆದ್ರೆ ಕಂದು ಹಾಕುತ್ತೆ. ಆ ಕಂದನ್ನ ಮತ್ತೆ ನಾಯಿ ತಿನ್ನುತ್ತೆ. ಹಾಲು ಕುಡಿಯೋ ಜನಕ್ಕೆ ಇದರಿಂದ ಭಯ ಇಲ್ಲ. ಹಸುಗಳಿಗೆ ಮಾತ್ರ ಇದಕ್ಕೆ ಔಷಧಿ ಇಲ್ಲ, ಸೂಜಿ ಇಲ್ಲ."

"ಒಳಗೆ ಬಂದಿರೋದು ಹೋಗಲ್ವಾ?" ಅತ್ತೆ ಕೇಳಿದರು.

"ಹೋಗಲ್ಲಮ್ಮ. ಗೌರಿಗೆ ಬಂದಿದೆ, ಅವಳಲ್ಲಿ ಕೊನೇವರೆಗೂ ಇರುತ್ತೆ. ಆದ್ರೆ ಚುಕ್ಕಿಗೆ ಬಂದಿಲ್ಲ. ಅವಳನ್ನ ಉಳಿಸ್ಕೊಬಹುದು."

ಇಪ್ಪತ್ತು ವರ್ಷ ಕಪ್ಪುಹಲಗೆಯ ಮೇಲೆ ಪರಾವಲಂಬಿಗಳ ಜೀವನಚಕ್ರ ಬರೆದವಳು ನಾನು. ಬಾಣದ ಗುರುತು ಹಾಕಿ, ಬಣ್ಣದ ಸೀಮೆಸುಣ್ಣದಲ್ಲಿ ತಿದ್ದಿ, ಮಕ್ಕಳಿಗೆ ಐದು ಅಂಕದ ಪ್ರಶ್ನೆ ಕೊಟ್ಟವಳು. ಅದೇ ಚಕ್ರಕ್ಕೆ ನಮ್ಮ ಬೀದಿಯಲ್ಲಿ ಕೀಲೆಣ್ಣೆ ಹಾಕಿದ್ದೂ ನಾನೇ. ಥೂ, ನನ್ನ ಡಿಗ್ರಿಗೆ ಬೆಂಕಿ ಹಾಕ ಎಂದುಕೊಂಡೆ. ಆದರೆ ಬಾಯಿ ಬಿಡಲಿಲ್ಲ. ಧೈರ್ಯ ಬರಲಿಲ್ಲ.

ಬಾಯಿ ಬಿಡಿಸಿದ್ದು ಕೃಷ್ಣಪ್ಪ. ಅವರು ಡಾಕ್ಟರ ಮಾತಿನಲ್ಲಿ ಕೇಳಿಸಿಕೊಂಡದ್ದು 'ನಾಯಿ' ಎಂಬ ಒಂದೇ ಪದ. ಮಾರನೇ ದಿನ ಸಂಜೆ ನಾನು ಸ್ಕೂಲಿನಿಂದ ಬರುವಾಗ ಅವರು ತಟ್ಟೆಯ ತುಂಬ ಮಾಂಸದ ಚೂರು ಹಿಡಿದು ಬೀದಿಯಲ್ಲಿ ನಿಂತಿದ್ದರು. ಕೆಂಚ, ರಾಣಿ ಬಾಲ ಅಲ್ಲಾಡಿಸಿಕೊಂಡು ಓಡಿ ಬರುತ್ತಿದ್ದವು. ತಟ್ಟೆಯಿಂದ ಕೀಟನಾಶಕದ ಘಾಟು ದೂರಕ್ಕೇ ಬಡಿಯುತ್ತಿತ್ತು. ನಾನು ಬ್ಯಾಗು ಎಸೆದು ಓಡಿ ತಟ್ಟೆಗೆ ಕೈ ಹಾಕಿದೆ.

"ಬಿಡಿ ಟೀಚರಮ್ಮ! ನಿಮ್ಗೇನ್ ಗೊತ್ತು ಹೊಟ್ಟೆ ಉರಿ? ಈ ನಾಯಿಗಳು ನನ್ ಮನೆ ಹಾಳ್ ಮಾಡಿದ್ವು!"

"ನಾಯಿ ಅಲ್ಲ ಕೃಷ್ಣಪ್ಪ, ನಾನು! ನಾನು ಮಾಡಿದ್ದು! ಮರಕ್ಕೆ ಕಟ್ಟೋದ್ ಬಿಡಿಸಿ ಸೈಟಿಗೆ ಎಸೆಯೋದ್ ಕಲಿಸಿದ್ಯಾರು? ನಾಯಿಗೆ ತಟ್ಟೇಲಿ ಹಾಕಿ ಕೊಟ್ಟಿದ್ಯಾರು? ವಿಷ ಹಾಕೋದಾದ್ರೆ ನಂಗೆ ಹಾಕಿ!"

ಬೀದಿಯೆಲ್ಲ ಹೊರಗೆ ಬಂದಿತ್ತು. ಅತ್ತೆಯೂ ಗೇಟಿನಲ್ಲಿದ್ದರು. ಕೃಷ್ಣಪ್ಪ ನನ್ನ ಮುಖವನ್ನೇ ನೋಡುತ್ತಾ, "ಓದಿರೋರು ಅಂತ ನಿಮ್ ಮಾತು ಕೇಳಿದ್ವಲ್ಲಮ್ಮಾ" ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತು ಮಾತ್ರ ಇವತ್ತಿಗೂ ಚುಚ್ಚುತ್ತದೆ. ಕಿತ್ತುಕೊಂಡ ತಟ್ಟೆಯನ್ನು ನಾನೇ ಗುಂಡಿ ತೋಡಿ ಹೂತೆ.

ಅತ್ತೆ ಆ ರಾತ್ರಿ ಊಟ ಬಡಿಸಿಕೊಂಡು ಮೂಲೆಯಲ್ಲಿ ಕೂತು ಉಂಡರು. ಬೆಳಗ್ಗೆ ನಾನು ಎಂದಿನಂತೆ ಹಾಲು ಕರೆಯುವ ಪಾತ್ರೆ ತೊಳೆದುಕೊಂಡು ಹೋದರೆ ಕೊಟ್ಟಿಗೆಯ ಬಾಗಿಲಲ್ಲಿ ಅಡ್ಡ ನಿಂತರು.

"ನೀನು ಒಳಗೆ ಬರಬ್ಯಾಡ ಕಣಮ್ಮಿ," ಅಂದರು. ದನಿಯಲ್ಲಿ ಕೋಪವೂ ಇರಲಿಲ್ಲ. ಪಾತ್ರೆ ತೆಗೆದುಕೊಂಡು ಬಾಗಿಲು ಎಳೆದುಕೊಂಡರು.

ಸರಿ, ಒಳಗೆ ಬಿಡದಿದ್ದರೆ ಹೊರಗೆ ಮಾಡುತ್ತೇನೆ ಎಂದುಕೊಂಡೆ. ನನ್ನದೂ ಹಟ ಕಮ್ಮಿಯದ್ದಲ್ಲ. ಡಾಕ್ಟರ್ ಸುಮಾಗೆ ಫೋನ್ ಮಾಡಿ ಏನೇನು ಮಾಡಬೇಕೋ ಎಲ್ಲ ಬರೆದುಕೊಂಡೆ. ನಾಯಿ ಕೊಂದು ಪ್ರಯೋಜನವಿಲ್ಲ, ಅದು ಕಾನೂನಿಗೂ ವಿರುದ್ಧ. ಇವು ಹೋದರೆ ಪಕ್ಕದ ಬೀದಿಯವು ವಾರದಲ್ಲಿ ಬರುತ್ತವೆ ಎಂದು ಆಕೆ ಬಂದು ಕೃಷ್ಣಪ್ಪನವರಿಗೆ ಬಿಡಿಸಿ ಹೇಳಿದರು. "ನಾಯಿ ಬಾಯಿಗೆ ಮಾಸು ಸಿಗಬಾರದು. ನಾಯಿ ಗಲೀಜು ಹಸು ಬಾಯಿಗೆ ಸಿಗಬಾರದು. ಇಷ್ಟೇ ಸಾರ್ ವಿಷ್ಯ," ಎಂದರು. ಆಮೇಲೆ, "ಈ ಬೀದಿಗೆ ಹೊರಗಿಂದ ಯಾರಾದ್ರೂ ಹಸು ತಂದಿದ್ರಾ?" ಎಂದು ಕೇಳಿದಾಗ ಕೃಷ್ಣಪ್ಪ ನೆಲ ನೋಡಿದರು. ನಾನು ಮಾಸು ಎಸೆಯುವುದನ್ನು ಶುರು ಮಾಡಿದ ವರ್ಷವೇ ಅವರು ಸಂತೆಯಿಂದ ಗಬ್ಬದ ಹಸು ತಂದಿದ್ದರು. ಡಾಕ್ಟರು ಅದನ್ನು ಬೆಳೆಸಲಿಲ್ಲ. "ಯಾರಿಂದ ಬಂತು ಅಂತ ಹುಡುಕ್ತಾ ಕೂತ್ರೆ ಚುಕ್ಕಿಗೆ ಆರು ತಿಂಗಳು ತುಂಬಿಬಿಡುತ್ತೆ" ಎಂದಷ್ಟೇ ಹೇಳಿ ಸ್ಕೂಟಿ ಹತ್ತಿದರು. ಆ ಸಂಜೆ ಕೃಷ್ಣಪ್ಪ ತಮ್ಮ ಮನೆಯ ಹಾರೆ ತಂದು ನನ್ನ ಪಕ್ಕ ನಿಂತರು.

ಮೊದಲು ಗುಂಡಿ. ಮಾಸನ್ನೂ ಕಂದನ್ನೂ ಆಳಕ್ಕೆ ಹೂಳಬೇಕು, ಮೇಲೆ ಸುಣ್ಣ ಸುರಿದು ಕಲ್ಲು ಹೇರಬೇಕು, ನಾಯಿ ಕೆದಕಬಾರದು. ಇದಕ್ಕೆ ಹಳೇ ಹೆಂಗಸರು ಒಪ್ಪಲಿಲ್ಲ. ಮಣ್ಣಿಗೆ ಹಾಕಿದರೆ ಹಾಲು ಬತ್ತಿಹೋಗುತ್ತದೆ ಎಂದರು. ನನಗೆ ಮತ್ತೆ ಭಾಷಣ ಮಾಡುವ ಧೈರ್ಯ ಉಳಿದಿರಲಿಲ್ಲ. ಅತ್ತೆಯೇ ದಾರಿ ತೋರಿಸಿದರು, ಅದೂ ನನಗಲ್ಲ, ಕೃಷ್ಣಪ್ಪನವರಿಗೆ. "ಆಲದ ಮರದ ಬುಡದಾಗೇ ತೋಡಪ್ಪ. ಮೇಲೆ ಕಟ್ಟಿದ್ರೇನು, ಬುಡಕ್ಕೆ ಹಾಕಿದ್ರೇನು, ಹಾಲಿನ ಮರಾನೇ ಅಲ್ವಾ?" ಅಲ್ಲಿಗೆ ಬೀದಿಯ ಬಾಯಿ ಮುಚ್ಚಿತು. ಬೇರಿಗೆ ಪೆಟ್ಟಾಗದ ಹಾಗೆ ಸ್ವಲ್ಪ ಆಚೆಗೆ, ನಮ್ಮ ಸೊಂಟದ ಆಳಕ್ಕೆ ತೋಡಿದೆವು. ಸುಣ್ಣದ ಕಲ್ಲಿನ ಮೂಟೆ ನಾನೇ ತರಿಸಿದೆ. ಡಾಕ್ಟರು ಕೇಳಿ ನಕ್ಕರು. "ನಿಮ್ ಅಜ್ಜಿಯರು ಎತ್ತರಕ್ಕೆ ಕಟ್ಟಿದ್ದು ಹಾಲಿಗೋ ಏನೋ, ಅಂತೂ ನಾಯಿಗೆ ಎಟುಕ್ತಿರಲಿಲ್ಲ ನೋಡಿ ಮೇಡಂ."

ಆಮೇಲೆ ಹುಲ್ಲಿನ ಸರದಿ. ನೆಲದ ಮೇಲಿದ್ದ ಹುಲ್ಲನ್ನೆಲ್ಲ ಆಚೆ ಸುಟ್ಟು, ಹೊಸ ಹುಲ್ಲನ್ನು ಅಟ್ಟದ ಮೇಲೆ ಪೇರಿಸಿದೆವು. ಬೂಸಾ ಮೂಟೆಗಳು ಮುಚ್ಚಳದ ಡ್ರಮ್ಮಿಗೆ ಹೋದವು. ನೀರಿನ ತೊಟ್ಟಿಗೆ ತಗಡು ಮುಚ್ಚಿದೆವು, ಕೊಟ್ಟಿಗೆಗೆ ನೆಲದಿಂದ ಎದೆಮಟ್ಟದವರೆಗೆ ಜಾಲರಿಯ ಬಾಗಿಲು. ನಾಯಿಗಳಿಗೆ ಬೀದಿಯ ಆ ತುದಿಯಲ್ಲಿ, ಮರದ ಕೆಳಗೆ, ದಿನಕ್ಕೆರಡು ಸಲ ಅನ್ನ. ಅದರ ಜವಾಬ್ದಾರಿ ಆ ಬಾಲ್ಕನಿಯ ಆಂಟಿಗೇ ವಹಿಸಿದೆ. ನಡೆದದ್ದೆಲ್ಲ ಕೇಳಿ ಆಕೆಗೂ ಮುಜುಗರವಾಗಿತ್ತು, ಮರುಮಾತಿಲ್ಲದೆ ಒಪ್ಪಿಕೊಂಡರು.

ಇನ್ನು ನಾಯಿಯ ಗಲೀಜು ಎತ್ತುವ ಕೆಲಸ. ಅದನ್ನು ನಾನು ಯಾರಿಗೂ ಬಿಟ್ಟುಕೊಡಲಿಲ್ಲ. ದಿನಾ ಬೆಳಗ್ಗೆ ಸ್ಕೂಲಿಗೆ ಹೊರಡುವ ಮೊದಲು ಒಂದು ಕರಣೆ, ಒಂದು ಬಕೆಟ್ಟು ಹಿಡಿದು ಬೀದಿ ಸುತ್ತುತ್ತಿದ್ದೆ. ಎರಡನೇ ಮಹಡಿಯ ಬಾಡಿಗೆ ಹುಡುಗರು ಬಾಲ್ಕನಿಯಿಂದ, "ಮಗಾ, ಓನರ್ ಆಂಟಿ ಏನ್ ಮಾಡ್ತಿದಾರೆ ನೋಡೋ!" ಎಂದು ಮೊಬೈಲಿನಲ್ಲಿ ವಿಡಿಯೊ ತೆಗೆದರು. "ಸರಿಯಾಗಿ ತೆಗೀರಪ್ಪ, ಮುಖ ಬರ್ಲಿ" ಅಂದೆ. ಎಂಟು ದಿನಕ್ಕೆ ಅವರ ನಗು ಮುಗಿಯಿತು. ಒಂಬತ್ತನೇ ದಿನ ಅವರಲ್ಲೊಬ್ಬ ಕೆಳಗಿಳಿದು ಬಂದು, "ಆಂಟಿ, ಆ ಕಡೆ ಮೂಲೇಲಿ ಒಂದಿದೆ, ನೋಡಿದ್ರಾ?" ಎಂದು ತೋರಿಸಿದ. ಅಷ್ಟೂ ತಿಂಗಳು ಅತ್ತೆ ನನ್ನ ಜೊತೆ ಆಡಿದ್ದು ಉಪ್ಪು, ಹುಳಿಯಷ್ಟೇ ಮಾತು. ಕೊಟ್ಟಿಗೆಯ ಬಾಗಿಲು ನನಗೆ ತೆರೆಯಲಿಲ್ಲ.

ಆಷಾಢದ ಗಾಳಿ ಎದ್ದಾಗ ಚುಕ್ಕಿಗೆ ಆರನೇ ತಿಂಗಳು ಹಿಡಿಯಿತು. ಆ ತಿಂಗಳು ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಒಂದು ಬೆಳಗ್ಗೆ ನಾನು ಕರಣೆ ಹಿಡಿದು ಬರುತ್ತೇನೆ, ಕೊಟ್ಟಿಗೆಯ ಜಾಲರಿ ಬಾಗಿಲು ತೆರೆದು ಗಾಳಿಗೆ ಬಡಿದುಕೊಳ್ಳುತ್ತಿದೆ. ಒಳಗೆ ಚುಕ್ಕಿಯ ಗೋದಲಿಯಲ್ಲೇ ರಾಣಿ ಮುದುಡಿಕೊಂಡು ಮಲಗಿದ್ದಾಳೆ! ಹಿಂದಿನ ರಾತ್ರಿ ಬೈಕಿನ ಮೇಲೆ ಹೊದಿಸುವ ಟಾರ್ಪಾಲು ಹುಡುಕಲು ಹೋದ ನಮ್ಮ ಯಜಮಾನರು ಚಿಲಕ ಹಾಕುವುದನ್ನೇ ಮರೆತಿದ್ದರು. ನಾನು ಕೂಗಿದ ಕೂಗಿಗೆ ಮೂರು ಅಂತಸ್ತೂ ಎದ್ದಿತು.

"ನಿಮ್ಗೆ ಬೇಕಾಗಿದ್ದೂ ಇದೇ ಅಲ್ವಾ? ಕಟ್ಕೊಳ್ಳಿ ಹೋಗಿ, ನಿಮ್ ಸಿಂಗಲ್ ರೂಮು!"

ಅವರು ಬನಿಯನ್ನಿನಲ್ಲೇ ಗೋದಲಿಗೆ ಇಳಿದು ಇದ್ದ ಹುಲ್ಲನ್ನೆಲ್ಲ ಬಾಚಿ ಹೊರಗೆ ಹಾಕಿದರು, ಕುದಿಯುವ ನೀರು ಸುರಿದು ಮೂರು ಸಲ ಉಜ್ಜಿದರು. ಆ ದಿನ ಬ್ಯಾಂಕಿಗೆ ರಜೆ ಹಾಕಿ, ಬಾಗಿಲು ತಾನಾಗಿ ಮುಚ್ಚಿಕೊಳ್ಳುವ ಹಾಗೆ ಸ್ಪ್ರಿಂಗು ಕೂರಿಸಿದರು. ಸಂಜೆ ಅತ್ತೆಯ ಕಾಲ ಬಳಿ ಕೂತು, "ಅಮ್ಮಾ, ಬೇಕಂತ ಮಾಡಿದ್ದಲ್ಲ ಕಣಮ್ಮ," ಎಂದು ಮಗುವಿನ ಹಾಗೆ ಅತ್ತರು. ಅತ್ತೆ ಅವರ ತಲೆ ಸವರಿದರು. ನಾನು ಅಡುಗೆಮನೆಯಲ್ಲಿ ನಿಂತು ಅದನ್ನು ನೋಡಿದೆ. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಒಂದು ವಾರ ಹೋಯಿತು. ಎರಡು ವಾರ. ಚುಕ್ಕಿ ತಿಂದಳು, ಮೆಲುಕು ಹಾಕಿದಳು, ಬಾಲದಲ್ಲಿ ನೊಣ ಹೊಡೆದಳು. ಆರು ಕಳೆದು ಏಳಕ್ಕೆ ಬಿತ್ತು. ಡಾಕ್ಟರ್ ಸುಮಾ ಬಂದು ಪರೀಕ್ಷೆ ಮಾಡಿ, "ಒಳಗೆ ಒದೀತಾ ಇದೆ!" ಎಂದು ಕೂಗಿದಾಗ ಕೃಷ್ಣಪ್ಪ ಜಾಲರಿಯ ಆಚೆಯಿಂದ, "ನಮ್ದೂ ಒಂದು ಏಳು ದಾಟ್ತು ಡಾಕ್ಟ್ರೇ!" ಎಂದು ಎದೆ ಉಬ್ಬಿಸಿ ಹೇಳಿದರು. ಅವರ ಬಾಯಲ್ಲಿ ಆಕೆ ಈಗ ಡಾಕ್ಟ್ರೇ ಆಗಿದ್ದರು. ಗುಂಡಿ ತೋಡಿದ ಮೇಲೆ ನಮ್ಮ ಬೀದಿಯಲ್ಲಿ ಒಂದೇ ಒಂದು ಹಸುವೂ ಕಂದು ಹಾಕಿರಲಿಲ್ಲ. ಆ ಹಂಗಾಮಿನಲ್ಲಿ ಮೂರು ಮನೆಯ ಕರುಗಳು ಹುಟ್ಟಿದವು, ಮೂರರ ಮಾಸೂ ಆಲದ ಬುಡದಲ್ಲಿ ಸುಣ್ಣದ ಕೆಳಗೆ ಮಲಗಿದವು. ಗೌರಿಯನ್ನು ಮತ್ತೆ ಗಬ್ಬ ಮಾಡಿಸಲಿಲ್ಲ, ಮಾರಲೂ ಇಲ್ಲ. ಅವಳಿಗೆ ಪಿಂಚಣಿ ಕೊಟ್ಟಾಯಿತು ಎಂದು ಯಜಮಾನರು ತಾವೇ ಘೋಷಿಸಿದರು.

ದೀಪಾವಳಿ ಕಳೆದ ನಾಲ್ಕನೇ ದಿನ, ಮಧ್ಯಾಹ್ನ. ಒಂಬತ್ತನೇ ತರಗತಿಯಲ್ಲಿದ್ದೆ. ಕ್ಲಾಸಿನಲ್ಲಿ ಫೋನು ಎತ್ತಬಾರದೆಂಬ ನಿಯಮವನ್ನು ಮಕ್ಕಳಿಗೆ ಹೇಳಿಕೊಟ್ಟವಳೇ ನಾನು. ಯಜಮಾನರ ಹೆಸರು ಕಂಡದ್ದೇ ಎತ್ತಿದೆ. ಆ ಕಡೆಯಿಂದ ಬರೀ ಗದ್ದಲ. ಯಾರೋ ಅಳುತ್ತಿದ್ದಾರೋ, ನಗುತ್ತಿದ್ದಾರೋ ಗೊತ್ತಾಗಲಿಲ್ಲ. "ಬಾ ಬೇಗ!" ಅಂದರು, ಕಟ್ಟಾಯಿತು. ಹೆಡ್ ಮೇಡಂಗೆ ಏನು ಹೇಳಿದೆನೋ ನೆನಪಿಲ್ಲ. ಆಟೋದಲ್ಲಿ ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿ, ಅರ್ಧದಲ್ಲೇ ಇಳಿದು, ಸೀರೆ ಎತ್ತಿ ಹಿಡಿದು ಓಡಿದೆ.

ಕೊಟ್ಟಿಗೆಯ ಮುಂದೆ ಬೀದಿಯೇ ನೆರೆದಿತ್ತು. ಜನ ನನಗೆ ದಾರಿ ಬಿಟ್ಟರು. ಆಫೀಸಿನ ಪ್ಯಾಂಟಿನಲ್ಲೇ ಮಂಡಿಯೂರಿದ ಯಜಮಾನರು ಗೋಣಿಚೀಲದಲ್ಲಿ ಏನನ್ನೋ ಉಜ್ಜುತ್ತಿದ್ದರು. ಡಾಕ್ಟರ್ ಸುಮಾ ಗೋಡೆಗೆ ಒರಗಿ ಸುಸ್ತಾಗಿ ನಗುತ್ತಿದ್ದರು. ಆ ಗೋಣಿಚೀಲದೊಳಗಿಂದ ಒದ್ದೆ ಕಿವಿಯೊಂದು ಎದ್ದು ನಿಂತಿತು.

"ನಿಮ್ ಪ್ಲಾನು ಎಲ್ರೀ ಹೋಯ್ತು?" ಎಂದೆ ಏದುಸಿರಿನಲ್ಲಿ.

"ಯಾವ ಪ್ಲಾನು?" ಎಂದರು ಅವರು, ತಲೆ ಎತ್ತದೆ.

ನಾನು ಜಾಲರಿಯ ಆಚೆಯೇ ನಿಂತಿದ್ದೆ. ಎಂಟು ತಿಂಗಳ ಅಭ್ಯಾಸ, ಕಾಲು ಅಲ್ಲೇ ನಿಂತುಬಿಟ್ಟಿತ್ತು. ಅತ್ತೆ ಚುಕ್ಕಿಯ ಪಕ್ಕದಿಂದ ಎದ್ದರು. ತೋಳೆಲ್ಲ ರಕ್ತ, ನೊರೆ. ಬಂದು ಬಾಗಿಲು ತಳ್ಳಿ ಹಿಡಿದರು.

"ಕೈ ತೊಳ್ಕೊಂಡ್ ಬಾ. ಮಾಸು ಇನ್ನೂ ಬಿದ್ದಿಲ್ಲ. ಬೀಳೋಗಂಟ ನೀನೇ ಕಾಯ್ಬೇಕು, ಬೇರೆ ಯಾರ್ ಮೇಲೂ ನಂಗೆ ನಂಬ್ಕೆ ಇಲ್ಲ," ಅಂದರು. ನಾನು ಅವರು ತಳ್ಳಿ ಹಿಡಿದ ಬಾಗಿಲನ್ನೇ ನೋಡುತ್ತಿದ್ದೆ. "ಏನಮ್ಮಿ ಹಂಗ್ ನಿಂತಿದೀಯಾ? ಗಿಣ್ಣದ ಹಾಲೂ ನೀನೇ ಕರಿ. ಮೊದಲು ಕರೂಗೆ ಕುಡಿಸು. ನಾನು ಊರಿಗೆ ಹೇಳಿ ಬರ್ತೀನಿ."

ಅರ್ಧ ಊರು ಅಲ್ಲೇ ನಿಂತಿತ್ತು. ಅದು ಅವರ ಲೆಕ್ಕಕ್ಕೆ ಸಾಲಲಿಲ್ಲ. ಎಪ್ಪತ್ತು ದಾಟಿದ ಆ ಹೆಂಗಸು ಚಪ್ಪಲಿಯೂ ಇಲ್ಲದೆ, ತೋಳು ಕೂಡ ತೊಳೆಯದೆ ಬೀದಿಗಿಳಿದರು. ನಾನು ಕೈ ತೊಳೆದು ಬಂದು ಚುಕ್ಕಿಯ ಬೆನ್ನು ಸವರಿ, ಕೆಚ್ಚಲ ಬಳಿ ಕೂತೆ. ಕರು ನಡುಗುವ ಕಾಲುಗಳ ಮೇಲೆ ಎದ್ದು, ಬಿದ್ದು, ಮತ್ತೆ ಎದ್ದು ನನ್ನ ಮಡಿಲಿಗೆ ಮೂತಿ ತಿವಿಯಿತು. ನಾನು ಅಳುತ್ತಿದ್ದೆ, ಅಳು ನಿಲ್ಲಿಸುವ ಪ್ರಯತ್ನವನ್ನೂ ಮಾಡಲಿಲ್ಲ. ಹೊರಗೆ ಅತ್ತೆ ಪ್ರತಿ ಗೇಟಿನ ಮುಂದೆ ನಿಂತು, ಬಾಡಿಗೆಯವರೆನ್ನದೆ, ಅಪಾರ್ಟ್‌ಮೆಂಟಿನವರೆನ್ನದೆ, ಮೂರನೇ ಮಹಡಿಗೂ ಕೇಳುವ ಹಾಗೆ ಕೂಗುತ್ತಿದ್ದರು:

"ಹೆಣ್ಣುಕರು ಕಣ್ರೋ! ನನ್ ಸೊಸೆ ಉಳಿಸ್ಕೊಂಡ್ಲು ಕಣ್ರೋ, ಹೆಣ್ಣುಕರು!"